ಏಳು ದಿನದ ಬಾಯಿಹೊಲಿಗೆ

"ಆ ಪ್ಲಗ್ಗಿಗೆ ಕೈ ಹಾಕಬೇಡ ಅಂದೆ!"

ಹೇಳುವಷ್ಟರಲ್ಲೇ ದೊಡ್ಡಕ್ಕ ತಮ್ಮನ ಮಣಿಕಟ್ಟು ಹಿಡಿದಾಗಿತ್ತು. ಅವನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅರ್ಧ ಮೈ ತೂರಿಸಿ, ಮೊಣಕಾಲೂರಿ, ಗೋಡೆಯ ಮೂಲೆಯ ದಪ್ಪ ಪ್ಲಗ್ಗನ್ನು ಇನ್ನೇನು ಕೀಳುವವನಿದ್ದ. ಅವನ ಬೆನ್ನ ಹಿಂದೆ, ಹಜಾರದ ನಡುವೆ, ಗಾಜಿನ ಮುಚ್ಚಳದ ತಂಪುಪೆಟ್ಟಿಗೆ. ಅದನ್ನು ಬಾಡಿಗೆಗೆ ತಂದವನು ವಯರಿನ ತುದಿ ಹಿಡಿದುಕೊಂಡು ಒಮ್ಮೆ ಅಕ್ಕನ ಮುಖ, ಒಮ್ಮೆ ತಮ್ಮನ ಮುಖ ನೋಡುತ್ತಿದ್ದ. ಪೆಟ್ಟಿಗೆಯೊಳಗೆ ಚಿಕ್ಕಕ್ಕ ಮಲಗಿದ್ದಳು. ಜೀವವಿದ್ದಾಗ ಹಗಲು ಹೊತ್ತಿನಲ್ಲಿ ಹತ್ತು ನಿಮಿಷ ಬೆನ್ನು ಚಾಚಿದವಳಲ್ಲ.

"ಮತ್ತೆಲ್ಲಿ ಹಾಕ್ಲಿ ದೊಡ್ಡಕ್ಕ? ಈ ಪೆಟ್ಟಿಗೆಗೆ ದೊಡ್ಡ ಪ್ಲಗ್ಗೇ ಬೇಕಂತೆ. ಮನೇಲಿ ಇರೋದು ಇದೊಂದೇ. ಸ್ಮಶಾನದಲ್ಲಿ ನಮ್ಮ ಸರದಿ ನಾಲ್ಕೂವರೆಗೆ. ಅಲ್ಲಿವರೆಗೂ ಈ ಸೆಕೆಯಲ್ಲಿ ಹೇಗೆ ಇಡೋದು?"

"ಮೇಲಿನ ಮನೆಯಿಂದ ಎಳ್ಕೋ."

"ಈ ಕಂಪ್ಯೂಟರು ಒಂದು ದಿನ ಆರಿದ್ರೆ ಯಾರಪ್ಪನ ಗಂಟು ಹೋಗುತ್ತೆ? ಹದಿನಾಲ್ಕು ವರ್ಷದಿಂದ ನೀನೇ ತಾನೆ ಬೈತಿದ್ದೆ, ಬಾವಿಗೆ ಹಾಕು, ಗುಜರಿಗೆ ಹಾಕು ಅಂತ?"

"ಬೈಯೋದು ಬೇರೆ, ಆರಿಸೋದು ಬೇರೆ. ಆರಿಸಿದ್ರೆ ಮತ್ತೆ ಹತ್ತಿಸೋಕೆ ಪಾಸ್‌ವರ್ಡ್ ಕೇಳುತ್ತೆ. ಅದು ಗೊತ್ತಿದ್ದವಳು ಅಲ್ಲಿ ಮಲಗಿದಾಳೆ. ಎಬ್ಬಿಸಿ ಕೇಳ್ತೀಯಾ?"

ತಮ್ಮ ಗೂಡಿನಿಂದ ಹಿಂದೆ ಸರಿದ. ದೊಡ್ಡಕ್ಕ ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಉಳಿದರ್ಧ ನಿಜ ಬಾಯಲ್ಲಿನ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಗೂಡಿನಲ್ಲಿ ಒಂದರ ಮೇಲೊಂದು ಕುಳಿತು ಗುಂಯ್‌ಗುಡುವ ಆ ಮೂರು ಹಳೆಯ ಕಂಪ್ಯೂಟರುಗಳ ಮೇಲೆ ನಡೆಯುತ್ತಿದ್ದುದು ಹೊಲಿಗೆಕಟ್ಟೆ ಎಂಬ ಅಂತರ್ಜಾಲ ತಾಣ. ಮೂರು ಸಾವಿರಕ್ಕೂ ಮಿಕ್ಕಿ ದರ್ಜಿಗಳು, ಹೊಲಿಗೆ ಯಂತ್ರ ರಿಪೇರಿಯವರು ಅದರ ಸದಸ್ಯರು. ಚಿಕ್ಕಕ್ಕ ಅದರ ಯಜಮಾನಿ. ಅದೇ ಕಟ್ಟೆಯಲ್ಲಿ ದೊಡ್ಡಕ್ಕ, ಮನೆಯಲ್ಲಿ ಯಾರಿಗೂ ಹೇಳದೆ, ಆರು ವರ್ಷದಿಂದ 'ಮೊಂಡುಸೂಜಿ' ಎಂಬ ಹೆಸರಿನ ಸದಸ್ಯೆ. ಕಳೆದ ಗುರುವಾರ ಯಜಮಾನಿ ಆ ಮೊಂಡುಸೂಜಿಯ ಬಾಯಿಗೆ ಏಳು ದಿನದ ಹೊಲಿಗೆ ಹಾಕಿದ್ದಳು. ಜಗಳ ಮಿತಿಮೀರಿದರೆ ಕಟ್ಟೆಯಲ್ಲಿ ಕೊಡುವ ಶಿಕ್ಷೆ ಅದು. ಓದಬಹುದು, ಬರೆಯುವ ಹಾಗಿಲ್ಲ.

ದೊಡ್ಡಕ್ಕ ಅಡುಗೆಮನೆಯ ಬಾಗಿಲ ಮರೆಗೆ ಹೋಗಿ ಫೋನು ತೆರೆದಳು. 'ನಿಮ್ಮ ಬಾಯಿಹೊಲಿಗೆ ಬಿಚ್ಚಲು ಇನ್ನು 6 ಗಂಟೆ 40 ನಿಮಿಷ' ಎಂದಿತ್ತು. ಹೊಲಿಗೆ ಬೀಳುವ ಮುಂಚೆ ಅವಳು ಕೊನೆಯದಾಗಿ ಬರೆದದ್ದು ತಂಗಿಯ ಬಗ್ಗೆ. ಆ ಮಾತು ಅಲ್ಲೇ ಇತ್ತು, ಬಂದುಹೋದವರೆಲ್ಲ ಓದುವ ಹಾಗೆ. ಅದನ್ನು ಅಲ್ಲಿಯೇ, ತನ್ನ ಕೈಯಿಂದಲೇ ವಾಪಸು ತೆಗೆದುಕೊಳ್ಳಬೇಕು, ಅದೂ ತಂಗಿಯ ಮೇಲೆ ಮಣ್ಣು ಬೀಳುವ ಮೊದಲು. ಹೊಲಿಗೆ ಬಿಚ್ಚುವುದು ನಾಲ್ಕು ಇಪ್ಪತ್ತಕ್ಕೆ. ಸ್ಮಶಾನದ ಸರದಿ ನಾಲ್ಕೂವರೆಗೆ. ನಡುವೆ ಹತ್ತು ನಿಮಿಷ.

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಕಿಟಕಿಯಿಂದ ವಯರು ಇಳಿಬಿಡಲು ಒಪ್ಪಿದರು. ಒಪ್ಪಿದ್ದನ್ನು ಮೂರು ಸಲ ನೆನಪಿಸಿದರು. "ನಮ್ಮ ಫ್ರಿಜ್ಜು ಆರಿಸಿ ಕೊಟ್ಟಿದೀನಮ್ಮ. ಹಾಲು ಕೆಟ್ರೆ ಕೆಡ್ಲಿ, ಮನುಷ್ಯತ್ವ ದೊಡ್ಡದು."

"ಹಾಲು ಕೆಡೋದು ಯಾಕೆ ಮೇಷ್ಟ್ರೇ? ಕೆಳಗೆ ಕಳಿಸಿ, ಬಂದೋರಿಗೆಲ್ಲ ಚಹಾ ಆಗುತ್ತೆ."

ಅಷ್ಟು ದೊಡ್ಡ ಮನುಷ್ಯತ್ವಕ್ಕೆ ಮೇಷ್ಟ್ರು ತಯಾರಿರಲಿಲ್ಲ. ತಲೆ ಒಳಗೆಳೆದುಕೊಂಡರು.

*

ಮೊದಲನೆಯ ಕಂಪ್ಯೂಟರು ಮನೆಗೆ ಬಂದದ್ದು ಮುಚ್ಚಿಹೋದ ಶಾಲೆಯೊಂದರಿಂದ. ಚಿಕ್ಕಕ್ಕ ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು, ಮಗು ಎತ್ತಿಕೊಂಡು ಬಂದವಳ ಹಾಗೆ ಹೊಸ್ತಿಲು ದಾಟಿದ್ದಳು.

"ಇದೇನೇ ಇದು?"

"ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಹೇಳಿ ಸಾಕಾಗಿದೆ ಅಕ್ಕ. ದಾರ ಯಾಕೆ ಕಿತ್ತೋಗುತ್ತೆ, ಬಾಬಿನ್ ಯಾಕೆ ಸಿಕ್ಕಿಹಾಕ್ಕೊಳ್ಳುತ್ತೆ. ಒಂದು ಸಲ ಬರೆದಿಟ್ರೆ ಎಲ್ಲರೂ ಓದ್ಕೋತಾರೆ."

ಯಾರೂ ಓದಿಕೊಳ್ಳಲಿಲ್ಲ. ಅದೇ ಪ್ರಶ್ನೆಯನ್ನು ನೂರಾ ಒಂದನೆಯ ಸಲ ಅಲ್ಲಿಗೇ ಬಂದು ಕೇಳಿದರು. ಚಿಕ್ಕಕ್ಕ ಹಗಲೆಲ್ಲ ಹತಾರದ ಚೀಲ ಹೊತ್ತು ಅಂಗಡಿಯಿಂದ ಅಂಗಡಿಗೆ ಹೋಗಿ ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವಳು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಮೆಟ್ಟಿಲ ಕೆಳಗೆ ತಲೆ ತೂರಿಸುವಳು. ದೊಡ್ಡಕ್ಕನ ಬಟ್ಟೆಯ ಟ್ರಂಕು ಇದ್ದ ಜಾಗ ಅದು. ಟ್ರಂಕು ಮಂಚದ ಕೆಳಗೆ ಹೋಯಿತು, ಅಲ್ಲಿಂದ ಅಟ್ಟಕ್ಕೆ ಹೋಯಿತು. ಎರಡನೆಯ ಕಂಪ್ಯೂಟರು ಬಂತು, ಮೂರನೆಯದು ಬಂತು, ಕರೆಂಟು ಹೋದಾಗ ನಡೆಸಲು ಹೆಣಭಾರದ ಬ್ಯಾಟರಿ ಬಂತು. ಬೀದಿಯ ಬೆಕ್ಕೊಂದು ಬೆಚ್ಚಗಿದೆಯೆಂದು ಅದರ ಹಿಂದೆಯೇ ನಾಲ್ಕು ಮರಿ ಹಾಕಿತು. ಆಮೇಲೆ ಅತ್ಯಂತ ಹಳೆಯ ಆ ಯಂತ್ರಕ್ಕೆ 'ಬಾಣಂತಿ' ಎಂದೇ ಹೆಸರಾಯಿತು.

"ಬಾಣಂತಿಗೆ ಇವತ್ತು ಮೈ ಸರಿಯಿಲ್ಲ ಅಕ್ಕ, ಸ್ವಲ್ಪ ಫ್ಯಾನ್ ಈ ಕಡೆ ತಿರುಗಿಸ್ಲಾ?"

"ತಿರುಗಿಸು. ನನಗೇನು, ನಾನು ಬೆವರಿ ಸತ್ತರಾಯ್ತು."

ಒಂದು ಸಲ ನಾಲ್ಕು ಗಂಟೆ ಕರೆಂಟಿಲ್ಲದೆ ಬ್ಯಾಟರಿಯೂ ಬರಿದಾಯಿತು. ಚಿಕ್ಕಕ್ಕ ಯಾರದೋ ಅಂಗಡಿಯಲ್ಲಿ ಯಂತ್ರವನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಬಿಟ್ಟು, ಮೂರು ಮೈಲಿ ನಡೆದು ಬಂದು, ಪಾಸ್‌ವರ್ಡ್ ಒತ್ತಿ, ನೀರು ಕೂಡ ಕುಡಿಯದೆ ವಾಪಸು ಹೋದಳು. ಮೂರು ಸಾವಿರ ಜನ, ಒಬ್ಬರಾದರೂ ಥ್ಯಾಂಕ್ಸ್ ಅಂದರೇ? "ಎರಡು ಗಂಟೆ ತಾಣ ಬಂದ್, ಇದೆಂಥ ವ್ಯವಸ್ಥೆ?" ಎಂದು ಇಪ್ಪತ್ತು ಜನ ಬರೆದಿದ್ದರು. ದೊಡ್ಡಕ್ಕನಿಗೆ ಮೈಯೆಲ್ಲ ಉರಿದಿತ್ತು.

ಆ ಉರಿಯೇ ಅವಳನ್ನು ಕಟ್ಟೆ ಹತ್ತಿಸಿತು. ಸಮವಸ್ತ್ರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕಾಲರು ಹೊಲಿದವಳು. ನಿವೃತ್ತಿಯಾಗಿ ಮನೆಯಲ್ಲಿ ಕುಳಿತ ಮೇಲೆ ಫೋನಿನಲ್ಲಿ ತಂಗಿಯ ತಾಣ ಓದುತ್ತಾ ಓದುತ್ತಾ ಅಲ್ಲಿನ ಅಡ್ಡಾದಿಡ್ಡಿ ಉಪದೇಶಗಳಿಗೆ ತಲೆ ಚಿಟ್ಟು ಹಿಡಿಯಿತು. ಮೊಂಡುಸೂಜಿ ಎಂಬ ಹೆಸರಿಟ್ಟುಕೊಂಡು ಒಳಗೆ ಬಂದಳು. ಮೊದಲ ದಿನ ಒಬ್ಬನಿಗೆ ಕಾಲರು ಕೂರಿಸುವುದು ಹೇಗೆಂದು ಹೇಳಿಕೊಟ್ಟಳು. ಎರಡನೆಯ ದಿನ ಇನ್ನೊಬ್ಬನಿಗೆ, ಕೈ ಬಾರದಿದ್ದರೆ ಮೂಟೆ ಹೊಲಿ ಎಂದಳು. ಆಮೇಲೆ ಅವಳನ್ನು ತಡೆಯುವವರಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಹಜಾರ ತುಂಬಿತು. ದರ್ಜಿ ಅಂಗಡಿಯವರು ಬಂದರು, ಬಂದವರು ಪೆಟ್ಟಿಗೆಯ ಮುಂದೆ ಒಂದು ನಿಮಿಷ ಕೈ ಕಟ್ಟಿ ನಿಂತರು, ಎರಡನೆಯ ನಿಮಿಷಕ್ಕೆ ತಮ್ಮ ಯಂತ್ರದ ಮಾತೆತ್ತಿದರು.

"ನನ್ನ ಮೆಷಿನ್ನು ಬಿಚ್ಚಿಟ್ಟು ನಾಳೆ ಬರ್ತೀನಿ ಅಂದಿದ್ರು," ಎಂದಳು ಒಬ್ಬಳು ಮೂಗು ಒರೆಸಿಕೊಳ್ಳುತ್ತಾ. "ಅದರದೊಂದು ಸ್ಕ್ರೂ ಅವರ ಚೀಲದಲ್ಲಿರಬೇಕು. ಈಗ ಕೇಳಬಾರದು, ಆದ್ರೂ..."

"ಕೇಳಬಾರದು ಅಂತ ಗೊತ್ತಲ್ಲ," ಎಂದಳು ದೊಡ್ಡಕ್ಕ. ಆದರೂ ಎದ್ದು ಹೋಗಿ ಚೀಲ ತಡಕಿ, ಮೂರು ಸ್ಕ್ರೂ ತಂದು ಅಂಗೈಯಲ್ಲಿ ಹಿಡಿದಳು. "ನಿಂದ್ಯಾವುದೋ ಆರಿಸ್ಕೋ."

ಫೋನು ಬೇರೆ ಕೈಯಲ್ಲಿ ಗುರುಗುಡುತ್ತಲೇ ಇತ್ತು. ಕಟ್ಟೆಯಲ್ಲಿ ಇನ್ನೂ ಯಾರೂ ಸುದ್ದಿ ಹಾಕಿರಲಿಲ್ಲ. 'ಯಜಮಾನಿಯವರೇ, ನನ್ನ ಫೋಟೋ ತಲೆಕೆಳಗಾಗಿ ಕಾಣ್ತಿದೆ.' 'ಯಜಮಾನಿಯವರೇ, ಎರಡು ದಿನದಿಂದ ಕೇಳ್ತಿದೀನಿ, ಇಲ್ಲಿ ಯಾರಾದ್ರೂ ಬದುಕಿದೀರಾ?' ದೊಡ್ಡಕ್ಕ ಹಲ್ಲು ಕಚ್ಚಿದಳು. ಉತ್ತರ ಬರೆಯುವ ಜಾಗದಲ್ಲಿ ಮತ್ತದೇ ಸಾಲು. ಇನ್ನು 2 ಗಂಟೆ 55 ನಿಮಿಷ. ಮೊನ್ನೆ ಶುಕ್ರವಾರವೇ ಅವಳು 'ಚೂಪುಸೂಜಿ' ಎಂದು ಹೊಸ ಹೆಸರಿನಲ್ಲಿ ಹಿತ್ತಲ ಬಾಗಿಲಿನಿಂದ ನುಗ್ಗಲು ನೋಡಿದ್ದಳು. ಹೊಸಬರ ಮೊದಲ ಮಾತನ್ನು ಯಜಮಾನಿ ನೋಡಿ ಬಿಟ್ಟರೇ ಉಂಟು. 'ಪರಿಶೀಲನೆಯಲ್ಲಿದೆ' ಎಂದು ಬಂದಿತ್ತು. ಇವತ್ತಿಗೂ ಪರಿಶೀಲನೆಯಲ್ಲೇ ಇತ್ತು.

ಬಾಗಿಲಲ್ಲಿ ಐವತ್ತರ ಆಸುಪಾಸಿನ ಸಣಕಲು ಗಂಡಸೊಬ್ಬ ಬಂದು ನಿಂತ. ಕಂಕುಳಲ್ಲಿ ಚರ್ಮದ ಚೀಲ.

"ನಾನು ಎಡಗೈ," ಎಂದ.

"ಯಾವ ಕೈ?" ಎಂದಳು ತಮ್ಮನ ಹೆಂಡತಿ.

"ಹೊಲಿಗೆಕಟ್ಟೆಯವನಮ್ಮ. ಎಡಗೈಯಲ್ಲಿ ಹೊಲೀತೀನಿ, ಅಲ್ಲಿ ಎಲ್ರೂ ಹಾಗೇ ಕರೆಯೋದು. ನಾವು ಐದು ಜನ ಮೇಲ್ವಿಚಾರಕರು ಇದೀವಿ. ನಿನ್ನೆ ಅವರಿಗೆ ಫೋನ್ ಮಾಡಿದ್ರೆ ಯಾರೋ ಗಂಡಸರು ಎತ್ತಿ ಹೀಗೆ ಅಂದ್ರು. ರಾತ್ರಿ ಬಸ್ಸಿಗೇ ಹೊರಟೆ."

ದೊಡ್ಡಕ್ಕ ಫೋನನ್ನು ಸೆರಗಿನಡಿ ಮುಚ್ಚಿದಳು. ಆರು ವರ್ಷದಿಂದ ಅವಳಿಗೂ ಈ ಎಡಗೈಗೂ ಎಣ್ಣೆ ಸೀಗೆಕಾಯಿ. ಕಳೆದ ಗುರುವಾರದ ಜಗಳವೂ ಇವನೊಂದಿಗೇ ಶುರುವಾದದ್ದು. ಇಷ್ಟು ವರ್ಷ ಅವನನ್ನು ದಪ್ಪ ಮೀಸೆಯ, ದಪ್ಪ ಹೊಟ್ಟೆಯ ದುರಹಂಕಾರಿ ಎಂದು ಮನಸ್ಸಿನಲ್ಲಿ ಹೊಲಿದಿಟ್ಟುಕೊಂಡಿದ್ದಳು. ಇವನು ನೋಡಿದರೆ ಗಾಳಿಗೆ ಹಾರುವ ಚೂರುಬಟ್ಟೆಯಂತಿದ್ದ. ಪೆಟ್ಟಿಗೆಯ ಮುಂದೆ ನಿಂತು, ಸದ್ದಿಲ್ಲದೆ, ತೋಳಿನಿಂದ ಕಣ್ಣೊರೆಸಿಕೊಂಡ.

ಆಮೇಲೆ ಗೂಡಿಗೆ ಇಣುಕಿ, ಯಂತ್ರಗಳು ನಡೆಯುತ್ತಿವೆಯೆಂದು ನೋಡಿ ಉಸಿರು ಬಿಟ್ಟ. "ಪುಣ್ಯಕ್ಕೆ ಆರಿಸಿಲ್ಲ. ಇದರ ನಕಲು ಹೋದ ತಿಂಗಳವರೆಗೂ ನಮ್ಮ ಮನೇಲಿತ್ತು, ನನ್ನ ಡಿಸ್ಕು ಕೆಟ್ಟೋಯ್ತು. ಹೊಸದು ತಂದಿದೀನಿ. ಎರಡು ದಿನ ಇದು ಹೀಗೇ ನಡೀತಿದ್ರೆ ಎಲ್ಲಾ ಉಳಿಸ್ಕೋಬಹುದು. ಅಮ್ಮ, ನೀವು ಅವರ ಅಕ್ಕ ಅಲ್ವಾ? ಈಗ ಕಟ್ಟೆಯಲ್ಲಿ ಸುದ್ದಿ ಹಾಕ್ತೀನಿ."

"ಈಗ ಬೇಡ."

"ಯಾಕಮ್ಮ?"

"ನಾಲ್ಕು ಇಪ್ಪತ್ತಕ್ಕೆ."

"ಮುಹೂರ್ತ ಏನಾದ್ರೂ..."

"ಬೇಡ ಅಂದ್ರೆ ಬೇಡ. ಮನೆಯವರು ಹಾಕ್ಬೇಕು ಅದನ್ನ."

ತಮ್ಮ ಆ ಕಡೆಯಿಂದ, "ಅವಳು ಬೆಳಿಗ್ಗೆಯಿಂದ ಹೀಗೇ ಸ್ವಾಮಿ, ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ," ಎಂದ.

ಎಡಗೈ ಗೂಡಿನ ಪಕ್ಕ ನೆಲದ ಮೇಲೆ ಕುಳಿತ. ಡಿಸ್ಕು ಸಿಕ್ಕಿಸುತ್ತಾ ತನ್ನಷ್ಟಕ್ಕೆ ಹೇಳಿಕೊಂಡ. "ಎಂಥ ತಾಳ್ಮೆ ಆ ಜೀವದ್ದು. ಒಂದೇ ಒಂದು ತಪ್ಪು ಅವರದು. ಆ ಮೊಂಡುಸೂಜಿ."

ದೊಡ್ಡಕ್ಕ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. "ಯಾವ ಮೊಂಡುಸೂಜಿ?" ಎಂದಳು.

"ಒಂದು ಹೆಸರು ಬಿಡಿ ಅಮ್ಮ. ಯಾರದು ಅಂತ ನಮಗೆಲ್ಲ ಗೊತ್ತಿತ್ತು. ಸತ್ತ ಮನೇಲಿ ಯಾಕೆ ಆ ಮಾತು."

*

ಆ ಗುರುವಾರ ಯಾವಳೋ ಹೊಸಬಳು, ಯಂತ್ರ ನಡುನಡುವೆ ಹೊಲಿಗೆ ಬಿಟ್ಟುಬಿಡುತ್ತಿದೆ, ಏನು ಮಾಡಲಿ ಎಂದು ಕೇಳಿದ್ದಳು. ಎಡಗೈ ಸೂಜಿ ಬದಲಿಸಿ ಎಂದ. ಮೊಂಡುಸೂಜಿ, ಸೂಜಿಯದೇನೂ ತಪ್ಪಿಲ್ಲ, ತೆಳು ಬಟ್ಟೆಯ ಕೆಳಗೆ ಕಾಗದವಿಟ್ಟು ಹೊಲಿ ಎಂದಳು. ಅವನು ಒಂದಂದ, ಇವಳು ಎರಡಂದಳು. ನಡುವೆ ಯಜಮಾನಿ ಬಂದು, "ಮೊದಲು ಸೂಜಿ ಬದಲಿಸಿ ನೋಡಲಿ, ಆಮೇಲೆ ಕಾಗದ," ಎಂದು ತೀರ್ಪು ಕೊಟ್ಟಳು.

ಅಷ್ಟೇ. ಅಷ್ಟಕ್ಕೇ ದೊಡ್ಡಕ್ಕನಿಗೆ ರೇಗಿತು. ಹೊರಗಿನವನ ಪಕ್ಷ ಹಿಡಿದಳಲ್ಲ! ಮಂಚದ ಮೇಲೆ ಕುಳಿತು, ಗೋಡೆಯಾಚೆ ತಂಗಿ ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಲೇ ಬರೆದಳು. 'ಈ ಯಜಮಾನಿಗೆ ಯಂತ್ರ ಬಿಚ್ಚೋಕೆ ಬರುತ್ತೆ, ಒಂದು ಗೇಣು ನೆಟ್ಟಗೆ ಹೊಲಿಯೋಕೆ ಬರಲ್ಲ. ಕಾರ್ಖಾನೆಯಲ್ಲಿ ಸೊಟ್ಟ ಹೊಲಿದು ತಿಂಗಳೊಳಗೆ ಮನೆಗೆ ಬಂದವಳು. ಇಂಥವಳ ಹತ್ತಿರ ದರ್ಜಿಗಳು ಬುದ್ಧಿ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?'

ಗೋಡೆಯಾಚೆ ಸದ್ದು ನಿಂತಿತು.

ಕಾರ್ಖಾನೆಗೆ ತಂಗಿಯನ್ನು ಕೈಹಿಡಿದು ಸೇರಿಸಿದವಳು ದೊಡ್ಡಕ್ಕನೇ. ಹತ್ತೊಂಬತ್ತರ ಹುಡುಗಿ ಇಪ್ಪತ್ತಾರನೆಯ ದಿನ ಊಟದ ಡಬ್ಬಿ ಎದೆಗವಚಿಕೊಂಡು, ಸಾಲು ಯಂತ್ರಗಳ ನಡುವಿನಿಂದ ತಲೆ ತಗ್ಗಿಸಿ ನಡೆದುಹೋದದ್ದನ್ನು ನೋಡಿದವಳೂ ಅವಳೇ. ಆ ವಿಷಯ ಕಟ್ಟೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮೊಂಡುಸೂಜಿಯ ಬಾಯಿಗೆ ಹೊಲಿಗೆ ಬಿತ್ತು. ಅಂದು ಊಟಕ್ಕೆ ಕುಳಿತಾಗ ಇಬ್ಬರೂ ತಟ್ಟೆ ನೋಡಿಕೊಂಡು ಉಂಡರು.

"ಉಪ್ಪು ಸಾಕಾ ಅಕ್ಕ?"

"ಸಾಕು."

"ನನಗೆ ಸ್ವಲ್ಪ ಜಾಸ್ತಿ ಅನ್ನಿಸ್ತು."

"ಜಾಸ್ತಿ ಅನ್ನಿಸಿದ್ರೆ ನೀನೇ ಮಾಡು ನಾಳೆಯಿಂದ."

ಮಾರನೆಯ ದಿನದಿಂದ ಆರು ದಿನ ಚಿಕ್ಕಕ್ಕನೇ ಅಡುಗೆ ಮಾಡಿದಳು. ಒಂದು ಮಾತು ಕೇಳಲಿಲ್ಲ. ನಿನ್ನೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಯಾರದೋ ಅಂಗಡಿಯ ಮಹಡಿಯಲ್ಲಿ, ಯಂತ್ರದ ಹೊಟ್ಟೆಯೊಳಗೆ ಕೈಯಿಟ್ಟವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದಳಂತೆ.

*

"ಹೇಳು," ಎಂದು ದೊಡ್ಡಕ್ಕ ಎಡಗೈಯ ಪಕ್ಕ ನೆಲದ ಮೇಲೇ ಕುಳಿತಳು. "ಮೊಂಡುಸೂಜಿ ಯಾರು ಅಂತ ನೀವೆಲ್ಲ ಅಂದ್ಕೊಂಡಿದೀರಿ?"

"ಅವರೇ ಅಮ್ಮ. ನಿಮ್ಮ ತಂಗಿ."

ದೊಡ್ಡಕ್ಕ ಗಾಜಿನ ಪೆಟ್ಟಿಗೆಯತ್ತ ತಿರುಗಿ ನೋಡಿದಳು.

"ಯಾರು ಎಲ್ಲಿಂದ ಬರೀತಾರೆ ಅಂತ ಮೇಲ್ವಿಚಾರಕರಿಗೆ ಕಾಣುತ್ತೆ. ಮೊಂಡುಸೂಜಿ ಬರೆದದ್ದೆಲ್ಲ ಈ ಮನೆಯೊಳಗಿಂದ. ಮೊದಲನೇ ದಿನಾನೇ ಗೊತ್ತಾಯ್ತು. ಮನೇಲಿ ಅಕ್ಕ ಒಬ್ಬರಿದಾರೆ ಅಂತ ಹೇಳ್ತಿದ್ರು, ಆದ್ರೆ 'ನಮ್ಮಕ್ಕನಿಗೆ ಫೋನಲ್ಲಿ ಹಲೋ ಅನ್ನೋದು ಬಿಟ್ರೆ ಏನೂ ಬರಲ್ಲ' ಅನ್ನೋರು. ಮತ್ತಿನ್ಯಾರು? ಕಟ್ಟೆಗೆ ಜನ ಸೇರ್ಲಿ ಅಂತ ಅವರೇ ಇನ್ನೊಂದು ಹೆಸರಿಟ್ಕೊಂಡು ಜಗಳ ಹಚ್ತಾರೆ ಅಂದ್ಕೊಂಡ್ವಿ."

"ಕೇಳ್ಲಿಲ್ವಾ ಅವಳನ್ನ?"

"ಕೇಳಿದ್ವಿ. ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ. 'ಅವಳು ಹೇಳೋದ್ರಲ್ಲಿ ಮುಕ್ಕಾಲು ಪಾಲು ಸರಿ ಇರುತ್ತೆ ಕಣ್ರೀ, ಕಾಲು ಪಾಲು ಹೊಟ್ಟೆಗೆ ಹಾಕ್ಕೊಳ್ಳಿ' ಅಂದ್ರು. ಎರಡು ನಾಲಿಗೆಯವಳು ಅಂತ ಕೆಲವರು ಮುಖಕ್ಕೇ ಬರೆದ್ರು. ಓದಿ ಸುಮ್ಮನಾದ್ರು. ಈ ಸಲ ಮಾತ್ರ ನಾವು ಪಟ್ಟು ಹಿಡಿದ್ವಿ. ತನ್ನನ್ನ ತಾನೇ ಬೈಕೊಂಡು ಕನಿಕರ ಗಿಟ್ಟಿಸ್ಕೊಳ್ಳೋದು ಅತಿಯಾಯ್ತು, ಆ ಹೆಸರು ಕಾಯಂ ತೆಗೀರಿ, ಇಲ್ಲ ನಾವು ಐದೂ ಜನ ಬಿಡ್ತೀವಿ ಅಂತ. ಅವರು ಏಳು ದಿನ, ಅದಕ್ಕಿಂತ ಒಂದು ಗಂಟೆ ಹೆಚ್ಚಿಲ್ಲ ಅಂದ್ರು. ಆಗ ನಾನೇ ಚುಚ್ಚಿದೆ. ಒಂದು ಹೆಸರಿಗೆ ಶಿಕ್ಷೆ ಕೊಟ್ಟು ಇನ್ನೊಂದು ಹೆಸರಲ್ಲಿ ಮಾತಾಡ್ತಾ ಇರ್ತೀರಲ್ಲ, ಇದೆಂಥ ಶಿಕ್ಷೆ ಅಂತ." ಅವನು ಮೂಗು ಎಳೆದುಕೊಂಡ. "ಅವತ್ತಿಂದ ಅವರೂ ಕಟ್ಟೆಯಲ್ಲಿ ಒಂದಕ್ಷರ ಬರೀಲಿಲ್ಲ."

ದೊಡ್ಡಕ್ಕ ಎದ್ದಳು. ಜನರನ್ನು ಸರಿಸಿಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ, ಗಾಜಿನ ಮೇಲೆ ಅಂಗೈ ಬಡಿದಳು.

"ಹುಚ್ಚು ಮುಂಡೇದೇ! ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ? ನಮ್ಮಕ್ಕ ಅವಳು ಅಂತ ಒಂದು ಮಾತು? ಗೋಡೆಯಾಚೆ ತಾನೆ ಇದ್ದದ್ದು ನಾನು?"

"ದೊಡ್ಡಕ್ಕ, ಜನ ನೋಡ್ತಿದಾರೆ," ಎಂದು ತಮ್ಮ ತೋಳು ಹಿಡಿದ.

"ನೋಡ್ಲಿ. ಆರು ವರ್ಷ ಇವಳನ್ನ ನೋಡಿದಾರಲ್ಲ, ಇವತ್ತು ನನ್ನ ನೋಡ್ಲಿ." ಅವಳು ಎಡಗೈಯತ್ತ ತಿರುಗಿದಳು. "ಮೊಂಡುಸೂಜಿ ನಾನು ಕಣಪ್ಪ."

ಎಡಗೈ ಅವಳನ್ನು ಅಡಿಯಿಂದ ಮುಡಿಯವರೆಗೂ ನೋಡಿದ. "ತಲೆಗೆ ಹಚ್ಚೋ ಎಣ್ಣೇನ ಯಂತ್ರಕ್ಕೆ ಹಾಕೋ ತಲೆಯಿಲ್ಲದವನು ಅಂದಿದ್ದು...?" ಎಂದ.

"ನಾನೇ. ಹಾಕಿದ್ಯೋ ಇಲ್ವೋ?"

"ಒಂದೇ ಸಲ ಅಮ್ಮ. ಅಂಗಡಿ ಮುಚ್ಚಿತ್ತು."

"ಒಂದು ಸಲ ಹಾಕಿದ್ರೂ ಹಾಕಿದ ಹಾಗೇ. ನನ್ನ ಹೊಲಿಗೆ ಈಗಲೇ ಬಿಚ್ಚೋಕಾಗುತ್ತಾ ನಿನಗೆ?"

"ಯಜಮಾನಿ ಹಾಕಿದ್ದನ್ನ ನಾವು ಬಿಚ್ಚೋಹಾಗಿಲ್ಲ. ನಾನೇ ಬರೆದುಬಿಡ್ಲಾ, ನಿಮ್ಮ ಪರವಾಗಿ?"

"ನೀನು ಬರೆದ್ರೆ, ಸತ್ತವಳ ಮಾನ ಮುಚ್ಚೋಕೆ ಎಡಗೈ ಕತೆ ಕಟ್ಟಿದ ಅಂತಾರೆ. ಆ ಹೆಸರಲ್ಲೇ ಬರಬೇಕು ಅದು. ಅವಳು ಅಲ್ಲ ಅಂತ ನಾನೇ ಹೇಳಬೇಕು."

ಅವನು ಕೋಲೆಬಸವನ ಹಾಗೆ ತಲೆಯಾಡಿಸಿದ.

ನಾಲ್ಕಕ್ಕೆ ವಾಹನ ಬಂತು. "ಇಪ್ಪತ್ತು ನಿಮಿಷ ತಡಿ," ಎಂದಳು ದೊಡ್ಡಕ್ಕ. "ಸರದಿ ತಪ್ಪಿದ್ರೆ ನಾಳೆ ಬಾ ಅಂತಾರೆ, ಇನ್ನೊಂದು ದಿನ ಮೇಷ್ಟ್ರ ಫ್ರಿಜ್ಜು ಆರಿಸೋಕೆ ನನ್ನ ಕೈಲಾಗಲ್ಲ," ಎಂದು ತಮ್ಮ ರೇಗಿದ. ಪೆಟ್ಟಿಗೆಯವನು ತನ್ನ ವಯರು ಸುತ್ತಿಕೊಳ್ಳುವಾಗ ಎಡಗೈ ಗೂಡಿಗೆ ಬೆನ್ನು ಕೊಟ್ಟು, ಕೈ ಅಡ್ಡ ಹಿಡಿದು ನಿಂತಿದ್ದ.

ಸ್ಮಶಾನದಲ್ಲಿ ಗುಂಡಿ ತಯಾರಿತ್ತು. ಗುದ್ದಲಿಯವರು ಗಡಿಯಾರ ನೋಡುತ್ತಿದ್ದರು. ಚಿಕ್ಕಕ್ಕನನ್ನು ಇಳಿಸುವಾಗ ದೊಡ್ಡಕ್ಕನ ಫೋನಿನಲ್ಲಿ ಅಂಕಿ ಸೊನ್ನೆಗೆ ಬಂತು. ಪುಟ ಮಾತ್ರ ತೆರೆಯದು. ಚಕ್ರ ತಿರುಗುತ್ತಲೇ ಇತ್ತು.

"ಸಿಗ್ನಲ್ ಇಲ್ಲ ಇಲ್ಲಿ," ಎಂದ ಎಡಗೈ. "ಆ ಗೋಡೆ ಕಡೆ ಬನ್ನಿ."

ದೊಡ್ಡಕ್ಕ ಫೋನನ್ನು ತಲೆಯ ಮೇಲೆತ್ತಿ ಹಿಡಿದು, ಯಾರ‍್ಯಾರದೋ ಗೋರಿಗಳ ನಡುವೆ ದಾರಿ ಮಾಡಿಕೊಂಡು ಹೊರಟಳು.

"ದೊಡ್ಡಕ್ಕ! ಮಣ್ಣು ಹಾಕೋದು ನೀನೇ ಮೊದಲು. ಎಲ್ಲಿಗೆ ಹೊರಟೆ?"

"ಬಂದೆ ಇರೋ!"

"ಸತ್ತವರನ್ನ ಕಾಯಿಸ್ತಾರೇನೆ ಯಾರಾದ್ರೂ?"

"ಅವಳು ನನ್ನ ಕಾದೇ ಸತ್ತಿದ್ದು. ಇನ್ನೈದು ನಿಮಿಷ ಕಾಯ್ತಾಳೆ!"

ಕಾಂಪೌಂಡಿನ ಒಡೆದ ಮೂಲೆಯಲ್ಲಿ ಪುಟ ತೆರೆಯಿತು. ಬರೆಯುವ ಜಾಗ ಖಾಲಿಯಾಗಿತ್ತು. ಕಾಲರು ಹೊಲಿದು ಗಂಟುಕಟ್ಟಿದ ಬೆರಳಿನಿಂದ ದೊಡ್ಡಕ್ಕ ಒಂದೊಂದೇ ಅಕ್ಷರ ಒತ್ತಿದಳು.

'ಈ ಕಟ್ಟೆಯ ಯಜಮಾನಿ ನಿನ್ನೆ ತೀರಿಕೊಂಡಳು. ಬರೆಯುತ್ತಿರುವವಳು ಅವಳ ಅಕ್ಕ. ಮೊಂಡುಸೂಜಿ ನಾನು, ಅವಳಲ್ಲ. ಆರು ವರ್ಷ ಇಲ್ಲಿ ಆಡಿದ ಕೆಟ್ಟ ಮಾತೆಲ್ಲ ನನ್ನವು, ಬೈಸಿಕೊಂಡವಳು ಅವಳು. ಕಳೆದ ಗುರುವಾರ ಅವಳ ಬಗ್ಗೆ ಬರೆದದ್ದು ಸುಳ್ಳು.'

ಕೊನೆಯ ಪದದ ಹತ್ತಿರ ಬೆರಳು ನಿಂತಿತು. ಮೂವತ್ತೊಂದು ವರ್ಷದ ದರ್ಜಿ ಅವಳು. ಸುಳ್ಳು ಎಂದು ಬರೆಯಲು ಕೈ ಬರಲಿಲ್ಲ. ಅಳಿಸಿದಳು. 'ಬರೆದದ್ದು ನಿಜವಾದರೂ ಬರೆಯಬಾರದಿತ್ತು' ಎಂದು ತಿದ್ದಿ, ಒತ್ತಿದಳು. ಹೋಯಿತು.

ವಾಪಸು ಬಂದು ಬಗ್ಗಿ ಮಣ್ಣು ಹಿಡಿದಳು. ಇನ್ನೊಂದು ಕೈಯಲ್ಲಿ ಫೋನು ಆಗಲೇ ಗುರುಗುಡಲು ಶುರುಮಾಡಿತ್ತು.

*

ಸಂಜೆ ಮನೆಗೆ ಬಂದಾಗ ಗೂಡಿನಿಂದ ಕಿವಿಗಡಚಿಕ್ಕುವ ಸದ್ದು. ಬಾಣಂತಿ ಕಿರುಚುತ್ತಿತ್ತು.

"ಇದೇನು, ಅತ್ತು ಕರೆಯೋಕೆ ಇದೊಂದು ಬಾಕಿ ಇತ್ತಾ?" ಎಂದು ತಮ್ಮ ತಲೆ ಹಿಡಿದುಕೊಂಡ. "ಈಗಲಾದ್ರೂ ಆರಿಸಿ!"

"ಬಿಸಿ ಏರಿದೆ," ಎಂದ ಎಡಗೈ. "ಸುದ್ದಿ ಓದೋಕೆ ಮೂರು ಸಾವಿರ ಜನವೂ ಒಂದೇ ಸಲ ಬಂದಿದಾರೆ. ಅದ್ರ ಮೇಲೆ ಇವತ್ತು ಓಡಾಡಿದ ಜನರ ಧೂಳು. ಗಾಳಿ ಎಳೆಯೋ ಜಾಲರಿ ಕಟ್ಟಿರಬೇಕು."

ಅವನು ಯಂತ್ರದ ಮುಂದಿನ ಜಾಲರಿಯನ್ನು ಉಗುರಿನಿಂದ ಮೀಟಿ ತೆಗೆದ. ಅದರ ಹಿಂದೆ, ಧೂಳು ತಡೆಯಲೆಂದು ಸಿಕ್ಕಿಸಿದ್ದ ತೆಳುವಾದ ಬಿಳಿ ಬಟ್ಟೆಯೊಂದು, ಬೂದಿ ಬಣ್ಣಕ್ಕೆ ತಿರುಗಿ, ಉಣ್ಣೆಯ ಹಾಗೆ ಧೂಳು ಹೊದ್ದು ಕುಳಿತಿತ್ತು. ಎಳೆದ ಕೂಡಲೇ ಕಿರುಚಾಟ ಇಳಿಯಿತು.

ದೊಡ್ಡಕ್ಕ ಕೈ ಚಾಚಿ ಅದನ್ನು ಇಸಿದುಕೊಂಡಳು. ಕೊಡವಿದಳು. ನಾಲ್ಕೂ ಅಂಚು ಮಡಚಿ ಹೊಲಿದಿತ್ತು, ತಂಗಿಯ ಕೈಹೊಲಿಗೆ. ಒಂದು ಕಡೆ ಹೊಲಿಗೆ ಅಂಚಿಗೆ ಅಂಟಿಕೊಂಡು ಹೋಗಿತ್ತು, ಇನ್ನೊಂದು ಕಡೆ ಬೆರಳಗಲ ಒಳಗೆ ಬಂದಿತ್ತು, ಮೂಲೆಯಲ್ಲಿ ದಾರಿ ತಪ್ಪಿ, ಬಿಚ್ಚಿ, ಮತ್ತೆ ಹೊಲಿದ ತೂತುಗಳಿದ್ದವು. ದರ್ಜಿ ಎಡಗೈಯೂ ಅದನ್ನು ನೋಡಿದ. ತನ್ನ ಚೀಲದಿಂದ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ತೆಗೆದು ಅವಳ ಮುಂದೆ ಹಿಡಿದ.

ದೊಡ್ಡಕ್ಕ ಕತ್ತರಿ ತೆಗೆದುಕೊಳ್ಳಲಿಲ್ಲ. ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಹೊಲಿಗೆಯ ಮೇಲೆ ಒತ್ತದಂತೆ ಎರಡು ಅಂಗೈಗಳ ನಡುವೆ ತಿಕ್ಕಿ, ಮೂರು ನೀರಿನಲ್ಲಿ ಜಾಲಿಸಿ ಹಿಂಡಿದಳು. ತಂಗಿಯ ಸ್ಟೂಲನ್ನು ಯಂತ್ರದ ಹಿಂದಕ್ಕೆ, ಬಿಸಿಗಾಳಿ ಬರುವ ಕಡೆಗೆ ಎಳೆದು, ಬಟ್ಟೆಯನ್ನು ಅದರ ಮೇಲೆ ಹರವಿದಳು. ಸೊಟ್ಟಗಾದ ಅಂಚು ಕೆಳಗೆ ಮಡಚಿಕೊಂಡಿತ್ತು. ಅದನ್ನು ಹೆಬ್ಬೆರಳಿನಿಂದ ಬಿಡಿಸಿ, ಇದ್ದ ಸೊಟ್ಟಕ್ಕೇ ಸರಿಯಾಗಿ ಎಳೆದು ಕೂರಿಸಿದಳು. ಅದು ಗಾಳಿಗೆ ಮತ್ತೆ ಎದ್ದಿತು. ಮತ್ತೆ ಕೂರಿಸಿದಳು.